ಮಳೆಯ ಹೆಸರು ಹೊತ್ತ ತಾರೆಗಳು

ಸೊರಬ ತಾಲ್ಲೂಕಿನ ಆನವಟ್ಟಿಯ ಗದ್ದೆಬಯಲಿನಲ್ಲಿ ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ ಎಂದು ಮಳೆಗಳನ್ನು ಎಣಿಸುತ್ತ ಬಿತ್ತನೆಯ, ನಾಟಿಯ ಹದವನ್ನು ನಿಶ್ಚಯಿಸುವ ರೈತನ ನಾಲಗೆಯ ಮೇಲೆ ಅರ್ಧ ಆಕಾಶವೇ ಇದೆ. ಆದರೂ ಆರಿದ್ರೆಯ ಮಳೆಯಲ್ಲಿ ತೊಯ್ದವರೆಲ್ಲ ಆರಿದ್ರೆಯೆಂಬ ತಾರೆಯನ್ನು ಕಂಡಿರುವರೆಂದು ಹೇಳಲಾಗದು. ಕಾರಣ ಆ ಗಣನೆಯಲ್ಲಿಯೇ ಅಡಗಿದೆ. ಕ್ರಾಂತಿವೃತ್ತದ 27 ಸಮಭಾಗಗಳಲ್ಲಿ ಒಂದೊಂದನ್ನು 13–14 ದಿನಗಳಲ್ಲಿ ದಾಟುವ ಸೂರ್ಯನು ಯಾವ ನಕ್ಷತ್ರದಲ್ಲಿರುವನೋ ಆ ದಿನಗಳ ಮಳೆಗೆ ಅದೇ ಹೆಸರು; ಹಾಗಾಗಿ ಜೂನ್ 22ರ ಸುಮಾರಿಗೆ ಆರಿದ್ರೆಯ ಮಳೆ ಕೂಡುವಾಗ ಆ ತಾರೆ ಹಗಲಿನ ಪ್ರಭೆಯಲ್ಲಿ ಮುಳುಗಿದ್ದು, ಮೋಡ ಹರಿದರೂ ಕಣ್ಣಿಗೆ ಬೀಳದು. ಅದನ್ನು ನಡುರಾತ್ರಿಯ ಬಾನಿನ ಎತ್ತರದಲ್ಲಿ ಕಾಣಲು ಆರು ತಿಂಗಳು ಕಾಯಬೇಕು. ಡಿಸೆಂಬರ್ ಮೂರನೆಯ ವಾರದ ನಡುರಾತ್ರಿ, ಕೊಯ್ಲಾದ ಬಯಲಿನಲ್ಲಿ ನಿಂತು ಕತ್ತೆತ್ತಿದರೆ, ನೆತ್ತಿಯಿಂದ ತುಸುವೇ ದಕ್ಷಿಣಕ್ಕೆ ಕೆಂಡದ ಬಣ್ಣದ ಆರಿದ್ರೆ ಉರಿಯುತ್ತಿರುತ್ತದೆ.

ನೆರೆಯ ಶಿಕಾರಿಪುರದ ಬಳ್ಳಿಗಾವೆಯ ಶಾಸನಗಳು ದಾನದ ಕಾಲವನ್ನು ಗ್ರಹಣ, ಸಂಕ್ರಮಣಗಳಿಂದ ಗುರುತಿಸಿರುವುದನ್ನು ಬಲ್ಲವರಿಗೆ ಈ ಸೀಮೆಯ ಗಗನಾಸಕ್ತಿ ಹೊಸದೆನಿಸದು. ಇಂದಿನ ಹವ್ಯಾಸಿಗೆ ದೀಪಾವಳಿಯಿಂದ ಯುಗಾದಿಯವರೆಗಿನ ಕಾಲ ಪ್ರಶಸ್ತವಾದುದು. ಮೊದಲು ದೂರದರ್ಶಕವನ್ನು ಕೊಳ್ಳುವ ಆತುರ ಬೇಡ. ಕತ್ತಲೆಗೆ ಕಣ್ಣು ಒಗ್ಗಲು ಅರ್ಧ ಗಂಟೆ ಕೊಟ್ಟು, ಟಾರ್ಚಿನ ಮುಖಕ್ಕೆ ಕೆಂಪು ಕಾಗದ ಕಟ್ಟಿ, ಬರಿಗಣ್ಣಿನಿಂದಲೇ ಕೃತ್ತಿಕೆಯ ಗೊಂಚಲನ್ನು, ಅದರ ಹಿಂದೆಯೇ ಏರಿಬಂದು ಇಲ್ಲಿ ಹೆಚ್ಚುಕಡಿಮೆ ನೆತ್ತಿಯನ್ನೇ ಹಾಯುವ ರೋಹಿಣಿಯನ್ನು ಗುರುತಿಸಿಕೊಳ್ಳಬೇಕು. ಆನವಟ್ಟಿಯ ಅಕ್ಷಾಂಶ ಸುಮಾರು 14.5 ಡಿಗ್ರಿ, ಧ್ರುವತಾರೆ ಉತ್ತರದಲ್ಲಿ ಅಷ್ಟೇ ಎತ್ತರದಲ್ಲಿರುತ್ತದೆ, ದಕ್ಷಿಣದಲ್ಲಿ ಅಗಸ್ತ್ಯನು 22 ಡಿಗ್ರಿಗೂ ಮೇಲೇರುತ್ತಾನೆ. ಯೂರೋಪಿನ ಬಹುಭಾಗಕ್ಕೆ ಅಗಸ್ತ್ಯದರ್ಶನವೇ ಇಲ್ಲವೆಂಬುದನ್ನು ನೆನೆದಾಗ ನಮ್ಮ ಭಾಗ್ಯದ ಅರಿವಾಗುತ್ತದೆ. ತರುವಾಯ 10×50 ಬೈನಾಕ್ಯುಲರ್ ಒಂದಿದ್ದರೆ ಕೃತ್ತಿಕೆಯ ಆರೇಳು ಚುಕ್ಕೆಗಳು ಹತ್ತಾರಾಗುವುವು; ಮಹಾವ್ಯಾಧ ತಾರಾಪುಂಜದ ಖಡ್ಗದಲ್ಲಿ ನೀಹಾರಿಕೆಯು ಮಸುಕಾಗಿ ಮೈದೋರುವುದು.

ಈ ಹವ್ಯಾಸ ಕೇವಲ ವಿನೋದವೆಂದು ನಾನು ಬಗೆಯಲಾರೆ. ಸಾಮಾನ್ಯವಾಗಿ ರೋಹಿಣಿಗಿಂತ ಕಾಂತಿಯುಕ್ತವಾದ ಆರಿದ್ರೆಯು 2019ರ ಕೊನೆಯಿಂದ ಮಂಕಾಗತೊಡಗಿ, 2020ರ ಫೆಬ್ರವರಿಯ ಹೊತ್ತಿಗೆ ಸುಮಾರು 1.6ರ ಕಾಂತಿಮಾನಕ್ಕಿಳಿದು, ರೋಹಿಣಿಗಿಂತ ಸ್ಪಷ್ಟವಾಗಿ ಹಿಂದೆ ಬಿದ್ದಿತು. ತಾನೇ ಹೊರಚೆಲ್ಲಿದ ದ್ರವ್ಯವು ಧೂಳಾಗಿ ತಾರೆಗೆ ಮರೆಯಾದುದೇ ಇದಕ್ಕೆ ಮುಖ್ಯ ಕಾರಣವೆಂದು ಖಗೋಳಜ್ಞರು ನಿರೂಪಿಸಿದರು. ಆ ಚಳಿಗಾಲ ಲೋಕದ ನಾನಾ ಕಡೆಗಳ ಹವ್ಯಾಸಿಗಳು ಎರಡು ತಾರೆಗಳನ್ನು ಸುಮ್ಮನೆ ಕಣ್ಣಲ್ಲೇ ತೂಗಿ ನೋಡಿ ದಿನಾಂಕದೊಡನೆ ಬರೆದಿಟ್ಟ ಅಂಕೆಗಳೂ ವಿಜ್ಞಾನದ ದಾಖಲೆಯಲ್ಲಿ ಸೇರಿವೆ.