ಉದ್ರಿ ಲೆಕ್ಕ ಬರೆಯೋಕೆ ಯಾವುದು ಒಳ್ಳೇದು: ಆ್ಯಪ್, ಡಿಜಿಟಲ್ ಡೈರಿ, ಇಲ್ಲಾ ಹಳೇ ಪುಸ್ತಕವೇ?

ಹೋದ ಮಳೆಗಾಲದಲ್ಲಿ ನಮ್ಮ ಸೋದರಮಾವನ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಪಕ್ಕ ಇಟ್ಟಿದ್ದ ಫೋನ್ ಎಣ್ಣೆ ಡಬ್ಬಿಗೆ ಬಿತ್ತು. ಫೋನ್ ಹೋಗಿದ್ದಕ್ಕೆ ಮಾವ ತಲೆ ಕೆಡಿಸಿಕೊಳ್ಳಲಿಲ್ಲ. ಅದರೊಳಗೆ ನಾಲ್ಕು ತಿಂಗಳ ಉದ್ರಿ ಲೆಕ್ಕ ಇತ್ತು. ಬ್ಯಾಕಪ್ ಆನ್ ಮಾಡಿರಲಿಲ್ಲ. ನೆನಪಿದ್ದಷ್ಟು ಜನರನ್ನು ಕೇಳಿದರು. ಕೆಲವರು ತಾವಾಗೇ ಬಂದು ಕೊಟ್ಟರು. ಕೆಲವರು "ಅವತ್ತೇ ಕೊಟ್ಟೆನಲ್ಲಣ್ಣ" ಅಂದರು. ಇಲ್ಲ ಅನ್ನೋಕೆ ಮಾವನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಅದಾದ ಮೇಲೆ ಸುಮಾರು ಅಂಗಡಿಯವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಯಾವುದರಲ್ಲಿ ಬರೆದರೆ ಸೇಫ್?"

ಮೊದಲು ಸ್ವಲ್ಪ ಹಳೇ ಕಥೆ

ಜೇಬಿನಲ್ಲಿ ಇಟ್ಟುಕೊಳ್ಳೋ ಲೆಕ್ಕದ ಯಂತ್ರ ಹೊಸದೇನಲ್ಲ. ಕ್ಯಾಲ್ಕುಲೇಟರ್ ತರ ಕಾಣೋ ಡಿಜಿಟಲ್ ಡೈರಿ ಹಿಂದೆ ತುಂಬಾ ಜನರ ಹತ್ತಿರ ಇತ್ತು. ಬಟನ್ ಸೆಲ್ ಪೂರ್ತಿ ಮುಗಿದರೆ ಬರೆದಿದ್ದೆಲ್ಲ ಅಳಿಸಿ ಹೋಗುತ್ತಿತ್ತು.

1996ರಲ್ಲಿ ಅಮೆರಿಕದಲ್ಲಿ ಪಾಮ್‌ನ ಪೈಲಟ್ ಬಂತು. ಅದರಲ್ಲೂ ಬ್ಯಾಟರಿ ಹೋದರೆ ಮಾಹಿತಿ ಹೋಗುತ್ತಿತ್ತು. ಆದರೆ ಅದನ್ನು ಸ್ಟ್ಯಾಂಡ್ ಮೇಲಿಟ್ಟು ಒಂದು ಬಟನ್ ಒತ್ತಿದರೆ ಎಲ್ಲಾ ಕಂಪ್ಯೂಟರ್‌ಗೆ ಕಾಪಿ ಆಗುತ್ತಿತ್ತು. ಯಂತ್ರ ಕೆಟ್ಟರೂ ಲೆಕ್ಕ ಉಳಿಯುತ್ತಿತ್ತು. 2000ದಲ್ಲಿ ಮೈಕ್ರೋಸಾಫ್ಟ್ ಪಾಕೆಟ್ ಪಿಸಿ ತಂದು ಪೈಪೋಟಿಗೆ ನಿಂತಿತು. ನಮ್ಮ ಬೆಂಗಳೂರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು, ಎಂಜಿನಿಯರ್‌ಗಳು ಸೇರಿ ಹಳ್ಳಿ ಜನರಿಗಾಗಿ ಸಿಂಪ್ಯೂಟರ್ ರೂಪಿಸಿದರು. ಒಂದೇ ಯಂತ್ರವನ್ನು ಸ್ಮಾರ್ಟ್ ಕಾರ್ಡ್ ಹಾಕಿ ಹಲವರು ಬಳಸಬಹುದಿತ್ತು. 2004ರಲ್ಲಿ ಅಮಿಡಾ ಅನ್ನೋ ಹೆಸರಲ್ಲಿ ಅದು ಮಾರಾಟಕ್ಕೂ ಬಂತು.

ಇವತ್ತು ಈ ಮೂರೂ ಅಂಗಡಿಯಲ್ಲಿ ಸಿಗಲ್ಲ. ನಾಳೆ ನಿಮ್ಮ ಆ್ಯಪ್‌ಗೂ ಇದೇ ಗತಿ ಬರಬಹುದು. ಆದ್ದರಿಂದ ಆರಿಸುವಾಗ ಏನೇನು ಸೌಲಭ್ಯ ಇದೆ ಅಂತ ನೋಡೋದಕ್ಕಿಂತ ಮೊದಲು, ಬರೆದ ಲೆಕ್ಕವನ್ನು ಹೊರಗೆ ತೆಗೆಯೋದು ಹೇಗೆ ಅಂತ ನೋಡಿ.

ಈಗ ಇರೋ ದಾರಿಗಳು

*ಉದ್ರಿ ಪುಸ್ತಕ:* ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ. ಗಿರಾಕಿ ಎದುರಿಗೇ ಬರೆದು ಸಹಿ ಹಾಕಿಸಬಹುದು. ಆದರೆ ನೆನೆದರೆ, ಇಲಿ ಕಡಿದರೆ ಮುಗೀತು. ಇನ್ನೊಂದು ಕಾಪಿ ಇರಲ್ಲ.

*ಫೋನಿನ ನೋಟ್ಸ್:* ಬರೆಯೋಕೆ ಸುಲಭ. ಕೂಡಿಸೋದು, ಕಳೆಯೋದು ನಾವೇ ಮಾಡಬೇಕು. ಬ್ಯಾಕಪ್ ಆನ್ ಇಲ್ಲದಿದ್ದರೆ ಮಾವನ ಗತಿಯೇ.

*ಖಾತಾಬುಕ್, ಓಕೆ ಕ್ರೆಡಿಟ್ ತರದ ಆ್ಯಪ್:* ಕನ್ನಡದಲ್ಲೂ ಇವೆ. ಬಾಕಿ ತಾನೇ ಲೆಕ್ಕ ಹಾಕುತ್ತೆ, ಗಿರಾಕಿಗೆ ಮೆಸೇಜ್ ಹೋಗುತ್ತೆ. ಲೆಕ್ಕ ನಿಮ್ಮ ಮೊಬೈಲ್ ನಂಬರಿಗೆ ಜೋಡಣೆ ಆಗಿರುತ್ತೆ.

ಆ್ಯಪ್ ಹಾಕೋ ಮುಂಚೆ ನಾಲ್ಕು ಪರೀಕ್ಷೆ

1. ಎರಡು ಹೆಸರು, ಹತ್ತತ್ತು ರೂಪಾಯಿ ಬರೆಯಿರಿ. ಮನೆಯವರ ಫೋನಿನಲ್ಲಿ ಅದೇ ನಂಬರಿಂದ ಲಾಗಿನ್ ಆಗಿ. ಎರಡೂ ಹೆಸರು ಕಾಣಿಸಬೇಕು. ಕಾಣಲಿಲ್ಲ ಅಂದರೆ ಆ ಆ್ಯಪ್ ಬಿಟ್ಟುಬಿಡಿ.

2. ನೆಟ್ ಆಫ್ ಮಾಡಿ ಬರೆದು ನೋಡಿ. ಕರೆಂಟ್ ಹೋಗಿ ಟವರ್ ಸತ್ತ ದಿನವೂ ವ್ಯಾಪಾರ ನಿಲ್ಲಲ್ಲವಲ್ಲ.

3. ಪೂರ್ತಿ ಲೆಕ್ಕ ಪಿಡಿಎಫ್ ಇಲ್ಲವೇ ಎಕ್ಸೆಲ್ ಫೈಲಾಗಿ ಹೊರಗೆ ಬರುತ್ತಾ ನೋಡಿ. ಪಿಡಿಎಫ್ ಪ್ರಿಂಟ್ ತೆಗೆಯೋಕೆ ಆಗುತ್ತೆ. ಬೇರೆ ಆ್ಯಪ್‌ಗೆ ಹೋಗೋದಾದರೆ ಎಕ್ಸೆಲ್ ವಾಸಿ.

4. ಕಾಂಟ್ಯಾಕ್ಟ್ಸ್, ಲೊಕೇಶನ್ ಅನುಮತಿ ಕೇಳಿದರೆ ಬೇಡ ಅನ್ನಿ. ಆಮೇಲೂ ಕೆಲಸ ಮಾಡುತ್ತಾ ನೋಡಿ. ಉದ್ರಿ ಪಟ್ಟಿ ಅಂದರೆ ಊರಿನ ಅರ್ಧ ಮನೆಗಳ ಗುಟ್ಟು. ಪುಕ್ಕಟೆ ಆ್ಯಪ್ ಒಳಗೆ ಸಾಲದ ಜಾಹೀರಾತು ಬಂದರೆ ಅವಸರದಲ್ಲಿ ಒತ್ತಬೇಡಿ.

ನಂಬರ್ ಯಾವಾಗಲೂ ಮಾಲೀಕರ ಹೆಸರಿನ ಸಿಮ್ ಆಗಿರಲಿ. ಕೆಲಸದ ಹುಡುಗನ ನಂಬರಲ್ಲಿ ಖಾತೆ ತೆರೆದರೆ, ಅವನು ಕೆಲಸ ಬಿಟ್ಟ ದಿನ ಲೆಕ್ಕವೂ ಅವನ ಜೊತೆ ಹೋಗುತ್ತೆ.

ಮೆಸೇಜ್ ವಿಷಯ ಸೂಕ್ಷ್ಮ

"ನಿಮ್ಮ ಬಾಕಿ 340 ರೂಪಾಯಿ" ಅಂತ ತಾನಾಗೇ ಮೆಸೇಜ್ ಹೋದರೆ ಕೆಲವರಿಗೆ ಅನುಕೂಲ, ಕೆಲವರಿಗೆ ಅವಮಾನ. ಆ ಫೋನ್ ಮನೆಯಲ್ಲಿ ಯಾರ ಕೈಯಲ್ಲಿ ಇರುತ್ತೋ ಗೊತ್ತಿಲ್ಲ. ಮೊದಲು ಗಿರಾಕಿಗೆ ಹೇಳಿ, ಒಪ್ಪಿದರೆ ಮಾತ್ರ ಆನ್ ಮಾಡಿ.

ತಕರಾರಾದರೆ ಆ್ಯಪ್ ಸಾಕ್ಷಿ ಆಗುತ್ತಾ?

ದಿನವೂ ಕ್ರಮವಾಗಿ ಬರೆದ ಲೆಕ್ಕವನ್ನು, ಅದು ಎಲೆಕ್ಟ್ರಾನಿಕ್ ಆಗಿದ್ದರೂ, ಕೋರ್ಟ್ ಪರಿಗಣಿಸುತ್ತೆ. ಆದರೆ ಲೆಕ್ಕದ ನಮೂದು ಒಂದರಿಂದಲೇ ಒಬ್ಬರ ಮೇಲೆ ಸಾಲ ಹೊರಿಸೋಕೆ ಬರಲ್ಲ, ಬೇರೆ ಸಾಕ್ಷಿಯೂ ಬೇಕು. ಹಾಗಾಗಿ ದೊಡ್ಡ ಮೊತ್ತಕ್ಕೆ ಸಹಿ ಇರೋ ಚೀಟಿ ಇಟ್ಟುಕೊಳ್ಳಿ.

ಕೊನೆಗೆ ಯಾವುದು?

ಹತ್ತಿಪ್ಪತ್ತು ಜನರ ಉದ್ರಿ ಇದ್ದರೆ ಪುಸ್ತಕವೇ ಸಾಕು, ವಾರಕ್ಕೊಮ್ಮೆ ಪುಟಗಳ ಫೋಟೋ ತೆಗೆದು ಮನೆಯವರಿಗೆ ವಾಟ್ಸಾಪ್ ಮಾಡಿ. ಜಾಸ್ತಿ ಜನ ಇದ್ದರೆ ಮೇಲಿನ ನಾಲ್ಕೂ ಪರೀಕ್ಷೆ ಪಾಸಾದ ಆ್ಯಪ್ ಹಾಕಿ, ತಿಂಗಳ ಕೊನೆಗೆ ಒಂದು ಪ್ರಿಂಟ್ ತೆಗೆದಿಡಿ.

ಮಾವ ಈಗ ಆ್ಯಪ್‌ನಲ್ಲೇ ಬರೆಯುತ್ತಾರೆ. ಪ್ರತಿ ಅಮಾವಾಸ್ಯೆ ದಿನ ಪ್ರಿಂಟ್ ತೆಗೆಸಿ ಗಲ್ಲಾಪೆಟ್ಟಿಗೆಯಲ್ಲಿ ಇಡುತ್ತಾರೆ. ಎಣ್ಣೆ ಡಬ್ಬಿಗೂ ಈಗ ಮುಚ್ಚಳ ಬಂದಿದೆ.