ಬರೆದದ್ದೆಲ್ಲ ಅರಿವೇ?

ಹತ್ತನೆಯ ತರಗತಿಯ ಹುಡುಗರಿಗೆ ಒಮ್ಮೆ ಕಂದಪದ್ಯದ ಲಕ್ಷಣವನ್ನು ಬರೆಯಹೇಳಿದ್ದೆನು. ಒಬ್ಬನು ನಾಲ್ಕು ಸಾಲುಗಳಿಗೂ ಹದಿನಾರು ಹದಿನಾರು ಮಾತ್ರೆಗಳೆಂದು ಬರೆದನು. ತಪ್ಪೆಂದು ಗೀಟು ಹಾಕಿ ಕೊಟ್ಟಾಗ ಅವನು ಸಂಕೋಚದಿಂದಲೇ ಕೇಳಿದನು: “ಸಾರ್, ನೆಟ್ಟಿನಲ್ಲಿ ನಾಲ್ಕು ಕಡೆ ಹೀಗೇ ಇದೆ. ನಾಲ್ಕೂ ತಪ್ಪಾ?”

ಪ್ರಶ್ನೆ ಸಣ್ಣದಲ್ಲ. ನಾಲ್ಕು ಕಡೆ ಬರೆದಿರುವುದನ್ನು ಬಿಟ್ಟು ಒಬ್ಬ ಮೇಷ್ಟರ ಮಾತನ್ನು ಅವನು ಏಕೆ ನಂಬಬೇಕು? ಇಂದು ಮನೆಮನೆಯಲ್ಲಿಯೂ ಔಷಧ, ಅಡುಗೆ, ಚರಿತ್ರೆ, ಶಾಸ್ತ್ರ ಎಲ್ಲವನ್ನೂ ಅಂತರ್ಜಾಲದಲ್ಲಿ ಓದಿ ತಿಳಿಯುವವರಿದ್ದಾರೆ. ಹಾಗೆ ಓದಿದ್ದು ಯಾವಾಗ ಅರಿವಾಗುತ್ತದೆ ಎಂಬುದನ್ನು ನಾವು ಸ್ವಲ್ಪ ವಿಚಾರಿಸಬೇಕಾಗಿದೆ.

ನಮ್ಮ ನೈಯಾಯಿಕರು ಯಥಾರ್ಥವಾದ ಅರಿವಿಗೆ ನಾಲ್ಕು ದಾರಿಗಳನ್ನು ಹೇಳಿದರು. ಇಂದ್ರಿಯಗಳಿಂದ ನೇರವಾಗಿ ತಿಳಿಯುವುದು ಪ್ರತ್ಯಕ್ಷ. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದು ಅನುಮಾನ. ಬಲ್ಲ ವಸ್ತುವಿನ ಹೋಲಿಕೆಯಿಂದ ಹೊಸದನ್ನು ಗುರುತಿಸುವುದು ಉಪಮಾನ. ನಾಲ್ಕನೆಯದು ಶಬ್ದ, ಎಂದರೆ ಆಪ್ತನ ಮಾತು. ಓಲೆಗರಿಯಾಗಲಿ, ಅಚ್ಚಿನ ಪುಸ್ತಕವಾಗಲಿ, ಅಂತರ್ಜಾಲದ ಬರಹವಾಗಲಿ ಈ ನಾಲ್ಕನೆಯದಕ್ಕೇ ಸೇರಿದುದು. ಆದರೆ ಆಪ್ತನೆಂದರೆ ಯಾರು? ವಿಷಯವನ್ನು ತಾನೇ ಚೆನ್ನಾಗಿ ಅರಿತು, ಅರಿತಂತೆಯೇ ಹೇಳಬಯಸುವವನು. ಈ ಲಕ್ಷಣವು ಋಷಿಗಳಿಗೂ ಮ್ಲೇಚ್ಛರಿಗೂ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಹೇಳುತ್ತಾನೆ. ಆಪ್ತತ್ವವು ಕುಲದಿಂದ ಬರುವುದಿಲ್ಲ, ಪದವಿಯಿಂದಲೂ ಬರುವುದಿಲ್ಲ. ಬರೆದಿದೆ ಎಂಬುದರಿಂದಂತೂ ಬರುವುದೇ ಇಲ್ಲ.

ಇನ್ನು ‘ನಾಲ್ಕು ಕಡೆ ಇದೆ’ ಎಂಬ ವಾದ. ಇದಕ್ಕೆ ಗ್ರಂಥಸಂಪಾದನಶಾಸ್ತ್ರದಲ್ಲಿ ಉತ್ತರವುಂಟು. ಒಂದು ಕಾವ್ಯದ ಹತ್ತು ಓಲೆಪ್ರತಿಗಳು ದೊರೆತರೆ ಸಂಪಾದಕನು ಕೇವಲ ಸಂಖ್ಯೆಯನ್ನು ನೋಡಿ ಪಾಠವನ್ನು ನಿರ್ಣಯಿಸುವುದಿಲ್ಲ. ಒಂದೇ ತಪ್ಪು ಒಂದೇ ಸ್ಥಳದಲ್ಲಿ ಹಲವು ಪ್ರತಿಗಳಲ್ಲಿ ಕಂಡರೆ, ಅವೆಲ್ಲವೂ ಒಂದೇ ಮಾತೃಕೆಯಿಂದ ಇಳಿದುವೆಂದು ಶಂಕಿಸುತ್ತಾನೆ. ಅಂಥ ಒಂಬತ್ತು ಪ್ರತಿಗಳಿದ್ದರೂ ಸಾಕ್ಷಿ ಒಂದೇ. ಬೇರೆ ಮೂಲದ ಒಂದೇ ಪ್ರತಿ ಅವುಗಳಿಗಿಂತ ಹೆಚ್ಚು ಬೆಲೆಯುಳ್ಳದ್ದಾಗಬಹುದು. ಓಲೆಯಲ್ಲಿ ಕಂಟದಿಂದ ನಕಲು ಮಾಡಲು ತಿಂಗಳುಗಳು ಹಿಡಿಯುತ್ತಿದ್ದುವು. ಈಗ ಕ್ಷಣ ಸಾಕು. ತಪ್ಪಿನ ವಂಶ ಬೆಳೆಯುವ ವೇಗ ಮಾತ್ರ ಬದಲಾಗಿದೆ.

ಹಾಗಾದರೆ ಬರಹವು ಅರಿವನ್ನು ಹಿಡಿದಿಡಲಾರದೇ? ಹಿಡಿದಿಡಬಲ್ಲುದು. ಮೈಸೂರಿನಲ್ಲಿಯೇ ಇದಕ್ಕೆ ದೊಡ್ಡ ನಿದರ್ಶನವಿದೆ. ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಇತರ ಗ್ರಂಥಗಳ ಉಲ್ಲೇಖಗಳಿಂದ ಮಾತ್ರವೇ ವಿದ್ವಾಂಸರಿಗೆ ತಿಳಿದಿತ್ತು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಅದರ ಓಲೆಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂದುಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಇಂತಹುದೆಂದು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಓಲೆ ಅಕ್ಷರವನ್ನು ಕಾದಿತ್ತು. ಅದು ಮತ್ತೆ ಅರಿವಾಗಲು ಶಾಸ್ತ್ರಿಗಳ ಕಣ್ಣು ಬೇಕಾಯಿತು. ಕೆಲಸವು ಅಲ್ಲಿಗೇ ನಿಲ್ಲಲಿಲ್ಲ. ಬೇರೆ ಪ್ರತಿಗಳು ದೊರೆತುವು, ಪಾಠಗಳು ತಿದ್ದಲ್ಪಟ್ಟುವು, 1960ರಲ್ಲಿ ಆರ್. ಪಿ. ಕಾಂಗಲೆಯವರ ಪರಿಷ್ಕೃತ ಆವೃತ್ತಿ ಬಂದಿತು. ಓದುವವನು, ತಿದ್ದುವವನು, ಮತ್ತೆ ಪರೀಕ್ಷಿಸುವವನು ಇರುವವರೆಗೆ ಮಾತ್ರ ಬರಹದಲ್ಲಿ ಅರಿವು ಉಸಿರಾಡುತ್ತದೆ.

ಅಂತರ್ಜಾಲದ ಒಳ್ಳೆಯ ಬರಹಗಳಲ್ಲಿಯೂ ಈ ವ್ಯವಸ್ಥೆಯುಂಟು. 2001ರಲ್ಲಿ ಆರಂಭವಾದ ವಿಕಿಪೀಡಿಯವೆಂಬ ವಿಶ್ವಕೋಶಕ್ಕೆ 2003ರಿಂದ ಕನ್ನಡದ ಆವೃತ್ತಿಯೂ ಇದೆ. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು. ಆದರೆ ಹೇಳಿದ ಮಾತಿಗೆ ಪ್ರಕಟವಾದ ಆಧಾರವನ್ನು ಕೊಡಬೇಕೆಂಬ ನಿಯಮವಿದೆ. ಯಾವ ಹೊತ್ತಿನಲ್ಲಿ ಯಾವ ಮಾತು ತಿದ್ದಲ್ಪಟ್ಟಿತೆಂಬ ಚರಿತ್ರೆಯನ್ನೂ ಓದುಗನು ನೋಡಬಹುದು. ಯಾವ ಓಲೆಗರಿಯೂ ತನ್ನ ತಿದ್ದುಪಡಿಗಳನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ್ದಿಲ್ಲ.

ಆದರೂ ಒಂದು ಕೊರತೆಯುಳಿಯುತ್ತದೆ. ಎಂದೂ ಅಚ್ಚಾಗದ ಅರಿವಿಗೆ ಆಧಾರವನ್ನು ಎಲ್ಲಿಂದ ತರುವುದು? 2011ರಲ್ಲಿ ಕೆಲವರು ಹಿಂದಿ, ಮಲಯಾಳಂ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ, ಬಲ್ಲವರ ಮಾತನ್ನು ಧ್ವನಿಮುದ್ರಿಸಿ ಅದನ್ನೇ ಆಧಾರವಾಗಿ ಕೊಟ್ಟು ನೋಡಿದರು. ವಾತ್ಸ್ಯಾಯನನು ಮೆಚ್ಚುತ್ತಿದ್ದ ಪ್ರಯೋಗವಿದು. ಆದರೆ ಧ್ವನಿಮುದ್ರಣಕ್ಕೂ ಎಲ್ಲೆಯುಂಟು. ಗಮಕಿಗಳ ವಾಚನವನ್ನು ಆಕಾಶವಾಣಿಯಲ್ಲಿ ಕೇಳಿ ಆನಂದಿಸಬಹುದು. ಎಲ್ಲಿ ಪದವನ್ನು ಒಡೆಯಬೇಕು, ಎಲ್ಲಿ ಉಸಿರನ್ನು ತಡೆಯಬೇಕು ಎಂಬುದು ಗುರುವಿನ ಮುಂದೆ ಕುಳಿತು, ತಪ್ಪಿ, ತಿದ್ದಿಸಿಕೊಂಡಾಗಲೇ ಕೈಗೂಡುವುದು.

ಆ ಹುಡುಗನ ಮಾತಿಗೆ ಬರೋಣ. ನಾನು ವಾದಿಸಲಿಲ್ಲ. ಕಪ್ಪುಹಲಗೆಯ ಮೇಲೆ ಒಂದು ಕಂದವನ್ನು ಬರೆದು ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟೆನು. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಅವನೇ ಎಣಿಸಿದನು: ಮೊದಲ ಸಾಲಿಗೆ 12, ಎರಡನೆಯದಕ್ಕೆ 20, ಮತ್ತೆ 12, ಮತ್ತೆ 20. ಕೂಡಿದರೆ 64. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ, “ಅರವತ್ತನಾಲ್ಕನ್ನು ನಾಲ್ಕರಿಂದ ಭಾಗಿಸಿದರೆ ಹದಿನಾರು ಸಾರ್!” ಎಂದಳು. ತಪ್ಪಿನ ಮಾತೃಕೆ ಅಲ್ಲಿ ಸಿಕ್ಕಿತು. ಯಾರೋ ಒಬ್ಬರು ಎಣಿಸದೆ ಹಂಚಿರಬೇಕು, ಉಳಿದವರು ಅದನ್ನು ನಕಲು ಮಾಡಿರಬೇಕು.

ಮನೆಯಲ್ಲಿ ಮಕ್ಕಳು ಮೊಬೈಲನ್ನು ಹಿಡಿದು ‘ಇಲ್ಲಿ ಬರೆದಿದೆ’ ಎಂದಾಗ ಗದರಿಸುವುದು ಬೇಡ. ಬರೆದವನು ಯಾರು, ಅವನಿಗೆ ಹೇಗೆ ತಿಳಿಯಿತು, ಬೇರೆ ಮೂಲ ಉಂಟೇ, ನಾವೇ ಎಣಿಸಿ ನೋಡಬಹುದೇ ಎಂದು ಅವರೊಡನೆ ಕುಳಿತು ಕೇಳೋಣ. ಹಾಗೆಯೇ ಮನೆಯ ಹಿರಿಯರು ಬಲ್ಲ, ಎಲ್ಲಿಯೂ ಬರೆಯದ ಸಂಗತಿಗಳನ್ನು ಅವರ ಹೆಸರು, ಊರು, ದಿನಾಂಕಗಳೊಡನೆ ಬರೆಸಿಡೋಣ. ಆ ನಾಲ್ಕು ಬರಹಗಳಲ್ಲಿ ಒಂದನ್ನು ಆ ಹುಡುಗನು ತಿದ್ದಿಸಿದ್ದಾನೆ. ಉಳಿದ ಮೂರು ಇನ್ನೂ ಹಾಗೆಯೇ ಇವೆ.