ಅಧ್ಯಾಯ 5: ಕಾಗದ ಕಟ್ಟಿದ ಸಾಮ್ರಾಜ್ಯ

ಹಾಸನದಿಂದ ಗೊರೂರಿನ ದಿಕ್ಕಿಗೆ ಹೋದರೆ ಹೇಮಾವತಿಯ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ರೋಸರಿ ಚರ್ಚ್ ಕಾಣುತ್ತದೆ. ಮಳೆಗಾಲದಲ್ಲಿ ಅರ್ಧ ಮುಳುಗುವ, ಬೇಸಿಗೆಯಲ್ಲಿ ಬುಡದವರೆಗೂ ಹೊರಬರುವ ಈ ಪಾಳು ಕಟ್ಟಡವನ್ನು ನೋಡಲು ರಜಾದಿನಗಳಲ್ಲಿ ಜನವೋ ಜನ. ಬಂದವರಲ್ಲಿ ಹೆಚ್ಚಿನವರು ಗೋಡೆ, ಕಮಾನುಗಳನ್ನು ತೋರಿಸಿ “ಇದು ಬ್ರಿಟಿಷರ ಕಾಲದ್ದು” ಎನ್ನುತ್ತಾರೆ. ಸರಿಯೇ. ಆದರೆ ಆ ಕಾಲದ ದೊಡ್ಡ ಗುರುತು ಅಲ್ಲಿ ನಿಂತಿರುವ ನೀರಿಗೂ ಅಂಟಿಕೊಂಡಿದೆ. ಅದನ್ನು ಯಾರೂ ತೋರಿಸುವುದಿಲ್ಲ. ಈ ಅಧ್ಯಾಯ ಬರೆದಿರುವುದು ಅದಕ್ಕಾಗಿ.

ಮೊದಲು ಎರಡು ಮಾತು

ಒಂದು ದೇಶ ಇನ್ನೊಂದು ದೇಶದ ಆಡಳಿತ, ವ್ಯಾಪಾರ, ಸೈನ್ಯಗಳ ಮೇಲೆ ಹಿಡಿತ ಸಾಧಿಸುವುದು ಸಾಮ್ರಾಜ್ಯಶಾಹಿ. ಆ ಹಿಡಿತದಲ್ಲಿರುವ ನೆಲವನ್ನು, ಜನರ ದುಡಿಮೆಯನ್ನು ತನ್ನ ಅನುಕೂಲಕ್ಕೆ ತಕ್ಕಂತೆ ಮಾರ್ಪಡಿಸುವುದು ವಸಾಹತುಶಾಹಿ. ಎರಡೂ ಸಾಮಾನ್ಯವಾಗಿ ಜೊತೆಯಲ್ಲೇ ಬರುತ್ತವೆ. ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಪರೀಕ್ಷೆ ಬರೆಯುವವರಿಗೆ ಬೇಕಾದೀತು, ನಮಗೆ ಬೇಡ.

ಕಾರಣಗಳ ಬಗ್ಗೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಬ್ರಿಟನ್ನಿನಲ್ಲಿ ಕೂಡಿಬಿದ್ದ ಬಂಡವಾಳ ಹೊರಗೆ ದಾರಿ ಹುಡುಕಿತು ಎಂದು ಜೆ.ಎ. ಹಾಬ್ಸನ್ 1902ರಲ್ಲಿ ಬರೆದರು. ಲೆನಿನ್ ಅದೇ ಎಳೆಯನ್ನು ಮುಂದಕ್ಕೆ ಎಳೆದರು. ಅವರಿಬ್ಬರಿಗೂ ಮೊದಲೇ ದಾದಾಭಾಯಿ ನವರೋಜಿ ಭಾರತದ ಸಂಪತ್ತು ಸೋರಿಹೋಗುವುದನ್ನು ಅಂಕಿ-ಅಂಶ ಹಿಡಿದು ತೋರಿಸಿದ್ದರು. ಫ್ರಾನ್ಸಿನಂಥ ಪ್ರತಿಸ್ಪರ್ಧಿಯ ಭಯ, ಮದ್ದುಗುಂಡಿನ ಬಲ, “ಇವರನ್ನು ತಿದ್ದುವ ಭಾರ ನಮ್ಮದು” ಎಂಬ ಹಮ್ಮು ಇವೂ ಸೇರಿಕೊಂಡವು. ಯಾವುದೋ ಒಂದೇ ಕಾರಣವನ್ನು ಹಿಡಿದು ಕೂತವರು ದಾರಿ ತಪ್ಪುತ್ತಾರೆ.

ಶೆಟ್ಟಿಹಳ್ಳಿಯ ಚರ್ಚನ್ನೇ ನೋಡಿ. ಅದನ್ನು ಕಟ್ಟಿದ್ದು ಫ್ರೆಂಚ್ ಪಾದ್ರಿಗಳು, ಬ್ರಿಟಿಷರಲ್ಲ. ಅಬೆ ದುಬುವಾ ಕಟ್ಟಿಸಿದರು ಎಂದು ಬಹಳ ಕಡೆ ಬರೆದಿರುತ್ತಾರೆ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಗೆ ಬಂದು ಕ್ರೈಸ್ತ ಒಕ್ಕಲುಗಳನ್ನು ಮತ್ತೆ ನೆಲೆಗೊಳಿಸಿದ ದುಬುವಾ 1823ರಲ್ಲೇ ಭಾರತ ಬಿಟ್ಟರು, 1848ರಲ್ಲಿ ತೀರಿಕೊಂಡರು. ಕಟ್ಟಡವೋ 1860ರ ಸುಮಾರಿನದು ಎಂಬುದು ರೂಢಿಯ ಮಾತು. ಲೆಕ್ಕ ಕೂಡುವುದಿಲ್ಲ. ಇನ್ನೊಂದು ಸ್ವಾರಸ್ಯವೆಂದರೆ, ನಮ್ಮ ಜನರ ರೀತಿನೀತಿಗಳ ಬಗ್ಗೆ ದುಬುವಾ ಬರೆದ ಹಸ್ತಪ್ರತಿಯನ್ನು ಕೊಂಡದ್ದು ಅವರ ದೇಶದ ಶತ್ರುವಾಗಿದ್ದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯೇ! ಶಿಲುಬೆ, ತಕ್ಕಡಿ, ಬಾವುಟ ಮೂರನ್ನೂ ಒಂದೇ ಕೈ ಹಿಡಿದಿತ್ತು ಎಂದುಕೊಂಡರೆ ಇಂಥ ಸಂಗತಿಗಳು ಅರ್ಥವಾಗುವುದಿಲ್ಲ.

“ನಮ್ಮಲ್ಲಿ ಮಹಾರಾಜರಿದ್ದರಲ್ಲ?”

ಹಳೇ ಮೈಸೂರಿನ ಯಾವ ಊರಿನಲ್ಲಿ ಈ ವಿಷಯ ಎತ್ತಿದರೂ ಬರುವ ಪ್ರಶ್ನೆ ಇದು. ಬ್ರಿಟಿಷರು ಆಳಿದ್ದು ಮದರಾಸು, ಮುಂಬಯಿ ಪ್ರಾಂತ್ಯಗಳನ್ನು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸಂಸ್ಥಾನಕ್ಕೆ ಸೇರಿದವು. ಹಾಗಾಗಿ ಗುಲಾಮಗಿರಿ ನಮ್ಮನ್ನು ತಟ್ಟಲಿಲ್ಲ ಎಂಬ ನಂಬಿಕೆ. ಒಡೆಯರ ಕಾಲದ ಒಳ್ಳೆಯ ಕೆಲಸಗಳ ಮೇಲಿನ ಅಭಿಮಾನ ಈ ನಂಬಿಕೆಗೆ ನೀರೆರೆದಿದೆ. ಆ ಅಭಿಮಾನಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಅದು ಮರೆಮಾಡುವ ಯಂತ್ರದ ಬಗ್ಗೆ.

ಆ ಯಂತ್ರದ ಹೆಸರು ಸಹಾಯಕ ಸೈನ್ಯ ಪದ್ಧತಿ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಜುಲೈ 8ರಂದು ಕಂಪನಿಗೂ ಮೈಸೂರಿಗೂ ಒಪ್ಪಂದವಾಯಿತು. ಮೈಸೂರಿನ ಪರವಾಗಿದ್ದ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಆಗ ಐದು ವರ್ಷ ಇನ್ನೂ ತುಂಬದ ಮಗು. ಕಂಪನಿಯ ಪಡೆ ಸಂಸ್ಥಾನವನ್ನು ಕಾಯುತ್ತದೆ. ಅದರ ಖರ್ಚಿಗೆ ಸಂಸ್ಥಾನ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಎಂದರೆ ಸುಮಾರು 24.5 ಲಕ್ಷ ರೂಪಾಯಿ ಪೊಗದಿ ಕೊಡಬೇಕು. ಇದು ಎಲ್ಲರಿಗೂ ಕಾಣುವ ಭಾಗ. ಕಾಣದ ಭಾಗ ನಾಲ್ಕನೆಯ ಕಲಮಿನಲ್ಲಿತ್ತು: ಪೊಗದಿಗೆ ಧಕ್ಕೆ ಬಂದೀತೆಂದು ಗವರ್ನರ್ ಜನರಲ್‌ಗೆ ಅನಿಸಿದರೆ, ಆಡಳಿತವನ್ನೇ ಕಂಪನಿ ಕೈಗೆ ತೆಗೆದುಕೊಳ್ಳಬಹುದು. ಮನೆ ಕಾಯಲು ಬಂದವನು ತನ್ನ ಸಂಬಳ ತಾನೇ ಗೊತ್ತುಮಾಡಿ, “ಸಂಬಳ ತಪ್ಪೀತೆಂಬ ಅನುಮಾನ ಬಂದರೆ ಬೀಗದ ಕೈ ನನ್ನದು” ಎಂದು ಬರೆಸಿಕೊಂಡ ಹಾಗೆ.

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ಗಮನಿಸಿ. ಪೊಗದಿ ನಿಗದಿಯಾದ ಮೊತ್ತ. ಮಳೆ ಮಾತ್ರ ನಿಗದಿಯಾಗಿ ಬರುವುದಿಲ್ಲ. ಬೆಳೆ ಕೈಕೊಟ್ಟ ವರ್ಷವೂ ಕಂಪನಿಗೆ ಅಷ್ಟೇ ಹಣ ಹೋಗಬೇಕು. ದಿವಾನ್ ಪೂರ್ಣಯ್ಯನವರು ಬಿಗಿಯಾಗಿ ಹಣ ಕೂಡಿಸಿ ನಿಭಾಯಿಸಿದರು. ಅವರ ಕಾಲ ಮುಗಿದು, 1811ರ ನಂತರ ದರ್ಬಾರಿನ ಖರ್ಚು ಬೆಳೆಯಿತು, ಕಂದಾಯ ವಸೂಲಿಗೆ ಅಮಲ್ದಾರರಿಂದ “ಇಷ್ಟು ತಂದೇ ತರುತ್ತೇನೆ” ಎಂಬ ಕರಾರು ಬರೆಸಿಕೊಳ್ಳುವ ಪದ್ಧತಿ ಬಂತು. ಅದರ ಬಿಸಿ ತಟ್ಟಿದ್ದು ರೈತನಿಗೆ. 1830-31ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ದಂಗೆ ಎದ್ದರು. ದಂಗೆ ಅಡಗಿಸಲು ಕಂಪನಿಯ ಪಡೆ ಬಂತು. ಅದರ ಹಿಂದೆಯೇ ನಾಲ್ಕನೆಯ ಕಲಮೂ ಬಂತು. 1831ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಇಡೀ ಸಂಸ್ಥಾನದ ಆಡಳಿತ ವಹಿಸಿಕೊಂಡ. ಪೊಗದಿಗೆ ಆಗ ತಕ್ಷಣದ ಅಪಾಯವೇನೂ ಇದ್ದಂತಿಲ್ಲ ಎಂದು ಅದೇ ಬೆಂಟಿಂಕ್ ಮೂರು ವರ್ಷದ ನಂತರ ಒಪ್ಪಿಕೊಂಡ. ಆದರೂ ಬೀಗದ ಕೈ ವಾಪಸು ಬರಲು 1881ರ ಮಾರ್ಚ್ 25ರವರೆಗೆ ಕಾಯಬೇಕಾಯಿತು. ಆ 50 ವರ್ಷ ಮೈಸೂರನ್ನು ಆಳಿದ್ದು ಬ್ರಿಟಿಷ್ ಕಮಿಷನರ್‌ಗಳು. ಸಂಸ್ಥಾನದಲ್ಲಿ ಬ್ರಿಟಿಷರ ಆಳ್ವಿಕೆ ಇರಲಿಲ್ಲ ಎನ್ನುವವರು ಈ ಅರ್ಧ ಶತಮಾನವನ್ನು ಎಲ್ಲಿಡುತ್ತಾರೆ?

ವಾಪಸು ಕೊಡುವಾಗಲೂ ಪೊಗದಿಯನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸಿದರು. ಆಗ ಸಂಸ್ಥಾನದ ವರಮಾನ ಸುಮಾರು ಒಂದು ಕೋಟಿ. 1876-78ರ ಬರದಲ್ಲಿ ಸತ್ತವರ ಲೆಕ್ಕ ಇನ್ನೂ ಹಸಿಯಾಗಿತ್ತು: 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತು. ಬರದ ಕಾರಣ ಹೆಚ್ಚುವರಿ ಪೊಗದಿಯನ್ನು ಮುಂದೂಡಿದರು, 1896ರಿಂದ ವಸೂಲು ಮಾಡಿದರು. ಹಳೆಯ ದರಕ್ಕೆ ಇಳಿಸಿದ್ದು 1928ರಲ್ಲಿ.

ಕಾಡು, ಕಾಫಿ, ಮುಂಗಡ

ಹಾಸನ ಜಿಲ್ಲೆಯ ಪಡುವಣ ಅಂಚಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮಂಜರಾಬಾದಿನ ಬಲಂ ನಾಯಕ ಹೊಸ ವ್ಯವಸ್ಥೆಗೆ ಬಗ್ಗಲಿಲ್ಲ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿ ಅವನನ್ನು ಹಿಡಿದು ಗಲ್ಲಿಗೇರಿಸಿದ, ದಟ್ಟ ಕಾಡಿನಲ್ಲಿ ರಸ್ತೆ ಕಡಿಸಿದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನೂ ಇದೇ ವೆಲ್ಲೆಸ್ಲಿ! ಸಕಲೇಶಪುರದ ಪಕ್ಕದ ಕಾಡಿಗೂ ಯುರೋಪಿನ ರಣರಂಗಕ್ಕೂ ಇರುವ ಈ ನಂಟನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

1840ರ ದಶಕದಿಂದ ಆ ಕಾಡಿನಲ್ಲಿ ಬಿಳಿಯರ ಕಾಫಿ ತೋಟಗಳು ಎದ್ದವು. ತೋಟಕ್ಕೆ ಆಳು ಬೇಕು, ಆಳನ್ನು ತರುವವನು ಮೇಸ್ತ್ರಿ, ಹಿಡಿದಿಡುವುದು ಮುಂಗಡ. ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಶಿಕ್ಷೆಗೆ ಗುರಿಮಾಡುವ ಕಾನೂನು ಬ್ರಿಟಿಷ್ ಇಂಡಿಯಾದಲ್ಲಿ 1859ರಲ್ಲಿ ಬಂತು. ಸಾಲದ ವ್ಯವಹಾರ ಅಪರಾಧವಾಯಿತು. ಕಾಫಿ ಬಂದದ್ದರಿಂದ ಮಲೆನಾಡಿಗೆ ರಸ್ತೆ, ಹಣ, ಪೇಟೆ ಬಂದವು ಎಂಬುದೂ ನಿಜ. ಆದರೆ ಕಾಡು ಯಾರದು, ದುಡಿಮೆ ಯಾರದು, ಲಾಭ ಯಾರದು ಎಂಬ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದಾಗಲೇ ಆ ನಿಜ ಪೂರ್ತಿಯಾಗುವುದು.

ನದಿಗೆ ಬಿದ್ದ ಸಹಿ

ಈಗ ನೀರಿಗೆ ಬರೋಣ.

ಹೇಮಾವತಿ ಹೋಗಿ ಸೇರುವ ಕಾವೇರಿಯ ಮೇಲ್ಭಾಗ ಮೈಸೂರಿನಲ್ಲಿ, ಮುಖಜಭೂಮಿ ಮದರಾಸಿನಲ್ಲಿ. ತಂಜಾವೂರಿನ ರೈತರು ಶತಮಾನಗಳಿಂದ ಆ ನೀರಿನಲ್ಲಿ ಬತ್ತ ಬೆಳೆದವರು. ಅವರ ಹಕ್ಕು ಸುಳ್ಳಲ್ಲ, ಅವರ ಆತಂಕವೂ ಸುಳ್ಳಲ್ಲ. ಅವರನ್ನು ಹಗೆಗಳೆಂದು ಭಾವಿಸಿ ಈ ಚರಿತ್ರೆ ಓದುವವರಿಗೆ ಏನೂ ದಕ್ಕುವುದಿಲ್ಲ. ಪ್ರಶ್ನೆ ಇರುವುದು ಹಂಚಿದವರು ಯಾರು ಎಂಬಲ್ಲಿ. ಮದರಾಸು ಬ್ರಿಟಿಷರ ಸ್ವಂತ ಪ್ರಾಂತ್ಯ. ಅಲ್ಲಿನ ನೀರಾವರಿ ಕಂದಾಯ ನೇರವಾಗಿ ಅವರ ಬೊಕ್ಕಸಕ್ಕೆ. ಮೈಸೂರು ಅವರ ಅಧೀನ ಸಂಸ್ಥಾನ.

1892ರಲ್ಲಿ ಎರಡೂ ಸರ್ಕಾರಗಳ ನಡುವೆ ಒಪ್ಪಂದವಾಯಿತು. ಅದರ ಅನುಬಂಧದಲ್ಲಿ 15 ನದಿಗಳ ಪಟ್ಟಿ ಇದೆ. ಅವುಗಳ ಮೇಲೆ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮದರಾಸಿನ ಪೂರ್ವಾನುಮತಿ ಬೇಕು. ಹೇಮಾವತಿಯ ಹೆಸರು ಆ ಪಟ್ಟಿಯಲ್ಲಿದೆ. ಯಗಚಿಯ ಹೆಸರೂ ಇದೆ, ಬೇಲೂರಿನ ಸೇತುವೆಯವರೆಗೆ ಎಂಬ ಗಡಿಯೊಂದಿಗೆ. ಹಾಸನದವರು ಓದಲೇಬೇಕಾದ ದಾಖಲೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಕಣ್ಣಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ, ಕಾಲಕ್ಕೆ ಈ ಕಾಗದದ ಬಲ ಗೊತ್ತಾಯಿತು. 1911ರಲ್ಲಿ ಕೆಲಸ ಶುರುವಾದಾಗ ಮೈಸೂರಿಗೆ ಸಿಕ್ಕಿದ್ದು 11 ಟಿಎಂಸಿ ಸಾಮರ್ಥ್ಯದ ಮೊದಲ ಹಂತಕ್ಕೆ ಮಾತ್ರ ಒಪ್ಪಿಗೆ. (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ.) ಸರ್ ಎಂ. ವಿಶ್ವೇಶ್ವರಯ್ಯ ದೊಡ್ಡ ಅಣೆಕಟ್ಟಿಗೆ ಪಟ್ಟುಹಿಡಿದರು. ವಿವಾದ ಪಂಚಾಯ್ತಿಗೆ ಹೋಯಿತು. ಪಂಚರಾಗಿದ್ದ ನ್ಯಾಯಮೂರ್ತಿ ಗ್ರಿಫಿನ್ 1914ರಲ್ಲಿ ಕೊಟ್ಟ ತೀರ್ಪು ಹೆಚ್ಚುಕಡಿಮೆ ಮೈಸೂರಿಗೆ ಅನುಕೂಲವಾಗಿತ್ತು, ಭಾರತ ಸರ್ಕಾರವೂ ಅದನ್ನು ಒಪ್ಪಿತು. ಮದರಾಸು ಲಂಡನ್ನಿಗೆ ಮೇಲ್ಮನವಿ ಒಯ್ದಿತು. ಅಲ್ಲಿನ ಭಾರತ ಸಚಿವ ಆ ತೀರ್ಪು ಜಾರಿಯಾಗದಂತೆ ತಡೆದ. ಪಂಚರನ್ನು ನೇಮಿಸಿದವರೂ ಬ್ರಿಟಿಷರು, ತೀರ್ಪು ಕೊಟ್ಟವರೂ ಬ್ರಿಟಿಷರು, ಸೋತ ಕಕ್ಷಿಯೂ ಬ್ರಿಟಿಷರ ಪ್ರಾಂತ್ಯ, ತೀರ್ಪನ್ನು ಬದಿಗಿಟ್ಟವರೂ ಬ್ರಿಟಿಷರೇ. ಫಿರಂಗಿಯ ಸದ್ದಿಲ್ಲದೆ ಸಾಮ್ರಾಜ್ಯ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ನನಗೆ ಸಿಕ್ಕಿಲ್ಲ.

ಮತ್ತೆ ಮಾತುಕತೆ ನಡೆದು 1924ರ ಫೆಬ್ರವರಿ 18ರಂದು ಹೊಸ ಒಪ್ಪಂದವಾಯಿತು. ಮೈಸೂರಿಗೆ 44.8 ಟಿಎಂಸಿಯ ಕೃಷ್ಣರಾಜಸಾಗರ, ಮದರಾಸಿಗೆ 93.5 ಟಿಎಂಸಿಯ ಮೆಟ್ಟೂರು. ಮೈಸೂರು ಮುಂದೆ ಉಪನದಿಗಳ ಮೇಲೆ ಜಲಾಶಯ ಕಟ್ಟಿ ಹೊಸದಾಗಿ ನೀರುಣಿಸಬಹುದಾದದ್ದು 1,10,000 ಎಕರೆಗೆ. ಕೆಲವು ಕಲಮುಗಳ ಮರುಪರಿಶೀಲನೆ 50 ವರ್ಷದ ನಂತರ.

ನಡುವೆ ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು, 1956ರಲ್ಲಿ ರಾಜ್ಯ ಒಂದಾಯಿತು. ಕಾಗದ ಮಾತ್ರ ಹೋಗಲಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಲು ಹೊರಟಾಗ ತಮಿಳುನಾಡು 1924ರ ಒಪ್ಪಂದವನ್ನು ಮುಂದಿಟ್ಟಿತು, ಯೋಜನಾ ಆಯೋಗದ ಮಂಜೂರಾತಿ ಸಿಗಲಿಲ್ಲ. ರಾಜ್ಯ ತನ್ನ ಯೋಜನೇತರ ಹಣ ಹಾಕಿ ಕೆಲಸ ಮುಂದುವರಿಸಿತು. 37 ಟಿಎಂಸಿಯ ಈ ಜಲಾಶಯ ಮುಗಿದದ್ದು 1979ರಲ್ಲಿ. ಅದರ ಹಿನ್ನೀರೇ ಶೆಟ್ಟಿಹಳ್ಳಿಯ ಚರ್ಚನ್ನೂ ಸುತ್ತಲಿನ ಹಳ್ಳಿಗಳನ್ನೂ ಆವರಿಸಿತು. ಮುಳುಗಿಸಿದ್ದು ನಮ್ಮದೇ ಸರ್ಕಾರ. ಒಕ್ಕಲೆದ್ದವರ ನೋವಿನ ಹೊಣೆಯನ್ನು ಬ್ರಿಟಿಷರ ತಲೆಗೆ ಕಟ್ಟುವುದು ಅಪ್ರಾಮಾಣಿಕತೆ. ಆದರೆ ಈ ನೀರಿನ ಒಂದೊಂದು ಟಿಎಂಸಿಗೂ ನ್ಯಾಯಾಲಯ ಹತ್ತಬೇಕಾಗಿ ಬಂದದ್ದರ ಬೇರು 1892ರಲ್ಲಿದೆ.

ಉಳಿದುಕೊಳ್ಳುವುದು ಏನು?

ಕಾವೇರಿ ನ್ಯಾಯಮಂಡಳಿ ರಚನೆಯಾದದ್ದು 1990ರಲ್ಲಿ, ಅಂತಿಮ ತೀರ್ಪು ಕೊಟ್ಟದ್ದು 2007ರಲ್ಲಿ. 1892, 1924ರ ಆ ಎರಡು ಒಪ್ಪಂದಗಳು ಸಮಾನರ ನಡುವೆ ಆದವಲ್ಲ ಎಂದು ಕರ್ನಾಟಕ ವಾದಿಸಿತು. ಅವು ಕಾನೂನಿನ ಕಣ್ಣಿನಲ್ಲಿ ಅನ್ಯಾಯದ ಒಪ್ಪಂದಗಳಲ್ಲ, ಆದರೆ 1924ರದ್ದು 50 ವರ್ಷ ಮುಗಿದು 1974ರಲ್ಲಿ ಅಂತ್ಯವಾಯಿತು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಕಾನೂನಿನ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು. ಚರಿತ್ರೆಯ ಪ್ರಶ್ನೆ ಬೇರೆ. ಅದನ್ನು ಕೇಳುವವರು ನಾವು.

ನಮ್ಮೊಬ್ಬರದೇ ಕಥೆಯಲ್ಲ ಇದು. 1929ರಲ್ಲಿ ಬ್ರಿಟನ್ ತನ್ನ ಪೂರ್ವ ಆಫ್ರಿಕಾದ ವಸಾಹತುಗಳ ಪರವಾಗಿ ಈಜಿಪ್ಟಿನೊಂದಿಗೆ ನೈಲ್ ಒಪ್ಪಂದ ಮಾಡಿಕೊಂಡಿತು. ಈಜಿಪ್ಟ್ ಒಪ್ಪದೆ ಮೇಲ್ಭಾಗದಲ್ಲಿ ಕಾಮಗಾರಿ ಮಾಡುವಂತಿಲ್ಲ ಎಂಬುದು ಅದರ ಸಾರ. ಸ್ವತಂತ್ರವಾದ ಕೂಡಲೇ ಟಾಂಗನ್ಯಿಕಾದ ನಾಯಕ ಜೂಲಿಯಸ್ ನ್ಯೆರೆರೆ ಅದಕ್ಕೆ ತಮ್ಮ ದೇಶ ಬದ್ಧವಲ್ಲ ಎಂದರು. ಮೇಲ್ಭಾಗದವರನ್ನೂ ಕೆಳಭಾಗದವರನ್ನೂ ಎದುರುಬದುರು ನಿಲ್ಲಿಸಿ, ನಿಲ್ಲಿಸಿದವನು ಹೊರಟುಹೋಗುವ ಈ ಮಾದರಿ ಕಾವೇರಿಯಲ್ಲೂ ನೈಲ್‌ನಲ್ಲೂ ಒಂದೇ.

ಸಾರಾಂಶ ಇಷ್ಟು. ಸಾಮ್ರಾಜ್ಯ ಬಂದದ್ದು ಹಣ, ಪೈಪೋಟಿ, ಹಮ್ಮುಗಳ ಕಾರಣದಿಂದ. ನಿಂತದ್ದು ಕರಾರುಗಳಿಂದ. ಉಳಿದಿರುವುದೂ ಕರಾರುಗಳಲ್ಲಿಯೇ. ಕಟ್ಟಡ ಕುಸಿದರೆ ಕಣ್ಣಿಗೆ ಕಾಣುತ್ತದೆ. ಒಪ್ಪಂದದ ಕಲಮು ಊರ ಗದ್ದೆಯ ಕಾಲುವೆಯನ್ನು ತಲುಪುವುದು ಓದಿದವರಿಗೆ ಮಾತ್ರ ಕಾಣುತ್ತದೆ.

ಆದ್ದರಿಂದ ಓದುಗರಲ್ಲಿ, ಅದರಲ್ಲೂ ಶಾಲೆ ಕಾಲೇಜುಗಳ ಮೇಷ್ಟ್ರುಗಳಲ್ಲಿ, ಒಂದು ಬಿನ್ನಹ. ಲೂಯಿಸ್ ರೈಸ್ ಮತ್ತು ಹಯವದನರಾಯರ ಗ್ಯಾಸೆಟಿಯರುಗಳಲ್ಲಿ ನಿಮ್ಮ ತಾಲ್ಲೂಕಿನ ಭಾಗವನ್ನು ತೆರೆದು ನೋಡಿ. ರಾಜ್ಯ ಪತ್ರಾಗಾರದಲ್ಲಿ ಕಮಿಷನರ್‌ಗಳ ಕಾಲದ ಕಡತಗಳಿವೆ, ನೋಡುವವರು ಕಡಿಮೆ. ಹಿನ್ನೀರಿಗೆ ಸೇರಿದ ಹಳ್ಳಿಗಳ ಹೊಲ, ಕೆರೆ, ಗುಡಿ, ಚರ್ಚು, ಕಂದಾಯ ಇವನ್ನೆಲ್ಲ ಬಲ್ಲ ಹಿರಿಯರು ಪುನರ್ವಸತಿ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನು ವಿದ್ಯಾರ್ಥಿಗಳ ಕೈಗೆ ಈ ವರ್ಷವೇ ಕೊಡಿ.